ಸವೆದ ನೆಲ: ಉಜ್ಜಿಸೋದಾ, ಮುಚ್ಚೋದಾ, ಕೀಳೋದಾ?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ಹನುಮಂತನಗರದಿಂದ ಅಮ್ಮ ಫೋನ್ ಮಾಡಿ, "ಹಜಾರದ ಮೊಸಾಯಿಕ್ ಪೂರ್ತಿ ಮಂಕಾಗಿದೆ ಕಣೆ, ಟೈಲ್ಸ್ ಹಾಕಿಸಿಬಿಡೋಣ್ವಾ?" ಅಂದರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವ ಚಿಕ್ಕಮ್ಮನ ಮಗ, ಓನರ್ ಏನೂ ಮಾಡಿಸಲ್ಲ, ನಾನೇ ಮೇಲೆ ಏನಾದರೂ ಹಾಸಿಕೊಳ್ಳಲಾ ಅಂತ ಕೇಳಿದ. ಯಲಹಂಕದಲ್ಲಿ ಫ್ಲ್ಯಾಟ್ ಕೊಂಡ ಗೆಳತಿಯದು ಬೇರೆ ಗೋಳು. ಎಂಟೇ ವರ್ಷಕ್ಕೆ ಬಾಗಿಲಿನಿಂದ ಸೋಫಾವರೆಗೆ ಹೊಳಪಿನ ಟೈಲ್ಸ್ ಮೇಲೆ ಒಂದು ಕಾಲುದಾರಿ ಮೂಡಿದೆ. ಎಷ್ಟು ಒರೆಸಿದರೂ ಹೋಗಲ್ಲ.

ಅಂಗಡಿಗೆ ಹೋದರೆ ಮೂವರಿಗೂ ಒಂದೇ ಉತ್ತರ ಸಿಗುತ್ತದೆ, ಹೊಸ ಟೈಲ್ಸ್. ಅಂಗಡಿಯವರು ಮಾರೋದು ಅದನ್ನೇ ಅಲ್ವಾ. ಆದರೆ ಮೂರು ನೆಲವೂ ಸವೆದ ರೀತಿ ಬೇರೆ, ಹಾಗಾಗಿ ಖರ್ಚು ಮಾಡಬೇಕಾದ ಜಾಗವೂ ಬೇರೆ.

ಉಜ್ಜುತ್ತಿರೋದು ಮರಳು

ನೆಲ ಸವೆಯೋದು ಕಾಲಿನಿಂದ ಅಂದುಕೊಳ್ಳುತ್ತೇವೆ. ನಿಜವಾಗಿ ಸವೆಸೋದು ಕಾಲಿನ ಕೆಳಗೆ ಸಿಕ್ಕ ಮರಳು. ನಮ್ಮ ಊರು ಕೂತಿರೋದೇ ಕಲ್ಲಿನ ಮೇಲೆ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅಂಥ ಕಲ್ಲು ಪುಡಿಯಾದಾಗ ಮೆತ್ತಗಿನ ಭಾಗವೆಲ್ಲ ಮಣ್ಣಾಗಿ, ಕರಗದೆ ಉಳಿಯೋದು ಕ್ವಾರ್ಟ್ಜ್ ಕಾಳು. ಖನಿಜಗಳ ಗಡಸುತನ ಅಳೆಯುವ ಮೋಹ್ಸ್ ಅಳತೆಯಲ್ಲಿ ಕ್ವಾರ್ಟ್ಜ್‌ಗೆ 7, ವಜ್ರಕ್ಕೆ 10. ಮೊಸಾಯಿಕ್‌ನಲ್ಲಿರುವ ಮಾರ್ಬಲ್ ಚಿಪ್ಸ್‌ಗೆ ಬರೀ 3. ಗ್ರಾನೈಟ್ 6ರಿಂದ 7. ಹೊಳಪಿನ ಟೈಲ್ಸ್‌ನ ಗ್ಲೇಜ್ ಗಾಜಿನ ಜಾತಿಯದು, ಅದೂ ಕ್ವಾರ್ಟ್ಜ್‌ಗಿಂತ ಮೆತ್ತಗೆ. ಪಕ್ಕದ ಸೈಟಿನಲ್ಲಿ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಸುರಿದಿದ್ದರೆ, ಚಪ್ಪಲಿಗೆ ಅಂಟಿ ಒಳಗೆ ಬರುವ ಪ್ರತಿ ಕಾಳೂ ಒಂದು ಸಣ್ಣ ಉಳಿ.

ಅದಕ್ಕೇ ಯಾವ ಮನೆಯಲ್ಲಾದರೂ ಜಾಸ್ತಿ ಸವೆದಿರೋದು ಬಾಗಿಲಿನಿಂದ ಒಳಗೆ ಮೊದಲ ಐದಾರು ಅಡಿ. ದೇವರಮನೆ ನೆಲ ನೋಡಿ, ಮೊನ್ನೆ ಹಾಕಿದ ಹಾಗಿರುತ್ತದೆ.

ನೋಡಬೇಕಾದ್ದು ಏನೇನು

ಎಲ್ಲಕ್ಕಿಂತ ಮುಖ್ಯವಾದದ್ದು: ನಿಮ್ಮ ನೆಲದ ಬಣ್ಣ, ವಿನ್ಯಾಸ ಮೇಲಿನ ಚರ್ಮದಲ್ಲಿ ಮಾತ್ರ ಇದೆಯಾ, ಮೈತುಂಬ ಇದೆಯಾ? ಗ್ರಾನೈಟ್, ಮಾರ್ಬಲ್, ಶಹಾಬಾದ್ ಕಲ್ಲು, ಕಡಪ ಕಲ್ಲು ಇವೆಲ್ಲ ಮೈತುಂಬ ಒಂದೇ. ಮೊಸಾಯಿಕ್‌ನಲ್ಲೂ ಚಿಪ್ಸ್ ಇರುವ ಮೇಲಿನ ಪದರ ಕೆಲವು ಮಿಲಿಮೀಟರ್ ದಪ್ಪ ಇರುತ್ತದೆ. ಇಂಥವನ್ನು ಸವೆದಷ್ಟು ಇಳಿಸಿ ಮತ್ತೆ ಹೊಳಪು ತರಬಹುದು. ಗ್ಲೇಜ್ ಟೈಲ್ಸ್, ವಿನೈಲ್, ಲ್ಯಾಮಿನೇಟ್ ಹಾಗಲ್ಲ. ಚಿತ್ರ ಇರೋದು ಮೇಲಿನ ತೆಳು ಪದರದಲ್ಲಿ. ಅದು ಹೋದರೆ ಹೋಯಿತು. ಉಜ್ಜಿಸಿದರೆ ಇರೋದೂ ಹೋಗುತ್ತದೆ.

ಗೊತ್ತು ಮಾಡಿಕೊಳ್ಳೋದು ಸುಲಭ. ಅಟ್ಟದ ಮೇಲೆ ಉಳಿದ ಟೈಲ್ಸ್ ತುಂಡು ಇದ್ದರೆ ಅದರ ಅಂಚನ್ನು ನೋಡಿ. ಮೇಲೆ ಗೆರೆಯಂಥ ಪದರ, ಕೆಳಗೆ ಬೇರೆ ಬಣ್ಣದ ಮೈ ಇದ್ದರೆ ಅದು ಗ್ಲೇಜ್. ಡಬಲ್ ಚಾರ್ಜ್ ಅನ್ನುವ ವಿಟ್ರಿಫೈಡ್ ಟೈಲ್ಸ್‌ನಲ್ಲಿ ಮಾತ್ರ ಬಣ್ಣದ ಪದರ ಮೂರು ನಾಲ್ಕು ಮಿಲಿಮೀಟರ್ ಇರುತ್ತದೆ.

ಎರಡನೆಯದು ತೇವ. ನೆಲಮಹಡಿಯ ಹಳೇ ಮನೆಯಾದರೆ ಇದನ್ನು ಬಿಡಲೇಬೇಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ತೆಗೆದಾಗ ಒಳಗೆ ನೀರಿನ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಏರುತ್ತಿದೆ ಅಂತ ಅರ್ಥ.

ಮೂರನೆಯದು ಟೊಳ್ಳು. ರೂಪಾಯಿ ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಅನ್ನುವ ಕಡೆ ಗಟ್ಟಿ, ಡಬ್ ಅನ್ನುವ ಕಡೆ ಕೆಳಗೆ ಬಿಟ್ಟುಕೊಂಡಿದೆ. ಹತ್ತರಲ್ಲಿ ಒಂದು ಟೈಲ್ಸ್ ಡಬ್ ಅಂದರೆ ಅಂಥದ್ದನ್ನು ಮಾತ್ರ ಕಿತ್ತು ಕೂರಿಸಬಹುದು. ಅರ್ಧಕ್ಕರ್ಧ ಹಾಗಿದ್ದರೆ ಮೇಲೆ ಏನು ಹಾಕಿದರೂ ದಂಡ.

ಆಮೇಲೆ ಮನೆಯ ವಿಚಾರ. ಸ್ವಂತದ್ದಾ, ಬಾಡಿಗೆಯದಾ? ಎಷ್ಟು ದಿನ ಸಾಮಾನು ಎತ್ತಿಟ್ಟು ಇರಬಲ್ಲಿರಿ? ಮನೆಯಲ್ಲಿ ವಯಸ್ಸಾದವರು ಇದ್ದಾರಾ? ಕೊನೆಯ ಪ್ರಶ್ನೆಯನ್ನು ಜನ ಮರೆಯುತ್ತಾರೆ. ಕನ್ನಡಿಯಂಥ ನೆಲ ಫೋಟೋಗೆ ಚೆಂದ. ಒದ್ದೆ ಕಾಲಲ್ಲಿ ಬರುವ ಎಪ್ಪತ್ತೈದರ ಅಜ್ಜಿಗಲ್ಲ.

ಮೊಸಾಯಿಕ್ ಇದ್ದರೆ, ಉಜ್ಜಿಸಿ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಮೊಸಾಯಿಕ್, ಗಟ್ಟಿಯಾಗಿದೆ, ಬರೀ ಮಂಕಾಗಿದೆ ಅಂದರೆ ಬೇರೆ ಯಾವ ದಾರಿಯನ್ನೂ ಯೋಚಿಸಬೇಡಿ. ಮಿಷಿನ್ ಪಾಲಿಶ್ ಮಾಡಿಸಿ. ಇದಕ್ಕೆ ಚದರ ಅಡಿಗೆ ಒಂದು ರೂಪಾಯಿ ಆಗುತ್ತದೆ ಅಂತ ಇಟ್ಟುಕೊಂಡರೆ, ಹಳೇ ನೆಲದ ಮೇಲೆ ಟೈಲ್ಸ್ ಅಂಟಿಸಲು ನಾಲ್ಕೈದು ರೂಪಾಯಿ, ಕಿತ್ತು ಗ್ರಾನೈಟ್ ಹಾಸಲು ಆರೇಳು. ಏರಿಯಾ ನೋಡಿ ದರ ಹೆಚ್ಚು ಕಡಿಮೆ ಹೇಳುತ್ತಾರೆ, ಆದರೆ ನಾನು ವಿಚಾರಿಸಿದ ಕಡೆಯೆಲ್ಲ ಲೆಕ್ಕ ಹೆಚ್ಚುಕಡಿಮೆ ಹೀಗೇ ಬಂತು.

ಕೆಲಸ ನಡೆಯೋದು ಹೀಗೆ. ಮಿಷಿನ್ ಕೆಳಗೆ ಕಾರ್ಬೊರಂಡಮ್ ಕಲ್ಲು ಸಿಕ್ಕಿಸಿ, ನೀರು ಬಿಡುತ್ತಾ ಉಜ್ಜುತ್ತಾರೆ. ಮೊದಲು 60 ನಂಬರ್ ಕಲ್ಲು, ಆಮೇಲೆ 120, ಆಮೇಲೆ 320. ನಂಬರ್ ಏರಿದಷ್ಟೂ ಕಲ್ಲು ನುಣುಪು. ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ, ಸಣ್ಣ ತೂತುಗಳಿಗೆ ಅದೇ ಬಣ್ಣದ ಸಿಮೆಂಟ್ ತುಂಬಿ ಒಣಗಲು ಬಿಡುತ್ತಾರೆ. ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಹೊಳಪು. ಈ ಪುಡಿ ವಿಷ. ಮಕ್ಕಳು, ನಾಯಿಬೆಕ್ಕು ಹತ್ತಿರ ಬರದ ಹಾಗೆ ನೋಡಿಕೊಳ್ಳಿ.

ಅಮ್ಮನ ಮನೆ ಹಜಾರಕ್ಕೆ ಮೂರು ದಿನ ಹಿಡಿಯಿತು. ಮೊದಲ ದಿನ ನೋಡಿದರೆ ಎದೆ ಒಡೆಯುತ್ತದೆ. ಇಡೀ ಹಜಾರ ಬೂದು ಬಣ್ಣದ ಕೆಸರು, ಗೋಡೆಗೆ ಒಂದಡಿ ಎತ್ತರಕ್ಕೆ ಸಿಡಿದಿರುತ್ತದೆ. ಗೋಡೆಗೆ ಪ್ಲಾಸ್ಟಿಕ್ ಅಂಟಿಸಿ ಅಂತ ಮೊದಲೇ ಹೇಳಿ. ಆ ಕೆಸರನ್ನು ಮೋರಿಗೋ ಬಚ್ಚಲಿಗೋ ಬಿಡಲು ಕೊಡಬೇಡಿ, ಪೈಪಿನಲ್ಲಿ ಕೂತು ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ತುಂಬಿ, ನೀರು ಬಸಿದು, ಚೀಲದಲ್ಲಿ ಹೊರಗೆ ಹಾಕಿಸಬೇಕು. ಇನ್ನು ಕೆಲವರು "ಡ್ರೈ ಮಾಡ್ತೀವಿ, ಬೇಗ ಆಗುತ್ತೆ" ಅನ್ನುತ್ತಾರೆ. ಬೇಡ. ಒಣ ಉಜ್ಜಿದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ದಿನಾ ಅದನ್ನು ಉಸಿರಾಡುವ ಕೆಲಸಗಾರರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರೋದು ಹಾಗೆಯೇ.

ಅಮ್ಮನ ಹಜಾರದಲ್ಲಿ ಉಯ್ಯಾಲೆ ಇದೆ. ಅಜ್ಜಿ ಕೂತು ಕಾಲ್ಬೆರಳಿನಿಂದ ಒತ್ತಿ ಒತ್ತಿ ತೂಗಿಕೊಂಡ ಜಾಗದಲ್ಲಿ ಎರಡು ಗುಂಡಿ ಬಿದ್ದಿವೆ. ಸುಮ್ನೆ ನೋಡಿದರೆ ಕಾಣಲ್ಲ, ರಾತ್ರಿ ಮೊಬೈಲ್ ಟಾರ್ಚನ್ನು ನೆಲಕ್ಕೆ ಅಂಟಿಸಿ ಹಿಡಿದರೆ ಎರಡು ಸಣ್ಣ ತಟ್ಟೆಯಂತೆ ನೆರಳು ಕಾಣುತ್ತದೆ. ಮಿಷಿನ್ ಅದರ ಮೇಲೆ ಹಾಗೇ ದಾಟಿಕೊಂಡು ಹೋಯಿತು. ಸುತ್ತ ಹೊಳಪು, ಅಲ್ಲಿ ಮಾತ್ರ ಮಂಕು. "ಆ ಗುಂಡಿ ಹೋಗಬೇಕು ಅಂದ್ರೆ ಇಡೀ ಹಜಾರ ಅಷ್ಟು ಆಳ ಇಳಿಸಬೇಕು ಮೇಡಂ, ಚಿಪ್ಸೇ ಉಳಿಯಲ್ಲ" ಅಂದರು ಪಾಲಿಶಿನವರು. ಕೊನೆಗೆ ಸ್ಕರ್ಟಿಂಗ್‌ಗೆ, ಅಂದರೆ ಗೋಡೆ ಬುಡದ ಪಟ್ಟಿಗೆ, ಬಳಸುವ ಕೈಮಿಷಿನ್ ತಂದು ಗುಂಡಿಯ ಒಳಗೇ ಪಾಲಿಶ್ ಮಾಡಿಕೊಟ್ಟರು. ಈಗ ನನ್ನ ಮಗಳು ಗೋಲಿ ಉರುಳಿಸಿದರೆ ಅದು ಅಲ್ಲೇ ಹೋಗಿ ಕೂರುತ್ತದೆ. ನೀವೂ ಟಾರ್ಚ್ ಹಿಡಿದು ನೋಡಿ. ಬರೀ ಗೀರುಗಳಾದರೆ ಪಾಲಿಶ್ ಸಾಕು, ಗುಂಡಿಗಳಾದರೆ ಪಾಲಿಶಿನಿಂದ ಸಮ ಆಗಲ್ಲ.

ಒಂದು ತಪ್ಪು ನಾನೇ ಮಾಡಿಸಿದ್ದೇನೆ. ಎರಡು ವರ್ಷದ ಹಿಂದೆ ಬಚ್ಚಲು ತೊಳೆಯಲು ಬಂದವರು ಹೊರಗಿನ ಮೊಸಾಯಿಕ್‌ಗೂ ಅದೇ ಆಸಿಡ್ ಸುರಿದರು. ನಾನು ನೋಡುತ್ತಾ ನಿಂತಿದ್ದೆ, ಬುರುಗು ಬಂದಿದ್ದು ನೋಡಿ ಕೊಳೆ ಹೋಗ್ತಿದೆ ಅಂದುಕೊಂಡೆ. ಹೋಗುತ್ತಿದ್ದದ್ದು ಮಾರ್ಬಲ್. ಟಾಯ್ಲೆಟ್ ಕ್ಲೀನರಿನಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಚಿಪ್ಸನ್ನೂ ಸಿಮೆಂಟನ್ನೂ ಕರಗಿಸುತ್ತದೆ. ನಿಂಬೆರಸ, ಹುಣಸೆರಸ ಕೂಡ ನಿಧಾನವಾಗಿ ಅದನ್ನೇ ಮಾಡುತ್ತವೆ.

ಕೆಂಪು ನೆಲದ ಕಥೆ ಬೇರೆ

ರೆಡ್ ಆಕ್ಸೈಡ್ ನೆಲ ಇರುವವರಿಗೆ ಒಂದು ಎಚ್ಚರಿಕೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಇದು ಇನ್ನೂ ಇದೆ. ಮೊಸಾಯಿಕ್ ಪಾಲಿಶಿನವರು "ಇದನ್ನೂ ಮಾಡಿಬಿಡ್ತೀವಿ" ಅಂದರೆ ಒಪ್ಪಬೇಡಿ. ಕೆಂಪು ಇರೋದು ಮೇಲಿನ ತೆಳು ಸಿಮೆಂಟ್ ಪದರದಲ್ಲಿ. ಆ ನುಣುಪು ಮಿಷಿನ್ನಿನದಲ್ಲ, ಗಾರೆಯವರು ಸಿಮೆಂಟ್ ಬಿಗಿಯಾಗುವ ಹೊತ್ತಿಗೆ ಕರಣೆಯಿಂದ ತಿಕ್ಕಿ ತಿಕ್ಕಿ ತಂದದ್ದು. 60 ನಂಬರ್ ಕಲ್ಲು ಇಟ್ಟರೆ ಆ ನುಣುಪು ಮೊದಲ ಸುತ್ತಿಗೇ ಹೋಗಿ, ಒಳಗಿನ ಮರಳು ಮೇಲೆ ಕಾಣುತ್ತದೆ.

ಮಾಡಬೇಕಾದ್ದು ಇಷ್ಟು. ಸೋಪಿನ ನೀರಿನಲ್ಲಿ ಹಳೇ ಎಣ್ಣೆ, ಮೇಣದ ಜಿಡ್ಡೆಲ್ಲ ತೊಳೆದು, ಎರಡು ದಿನ ಚೆನ್ನಾಗಿ ಒಣಗಿಸಿ, ಕೆಂಪು ಮೇಣದ ಪಾಲಿಶನ್ನು ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಉಜ್ಜೋದು. ತೆಳ್ಳಗೆ ಅನ್ನೋದು ಮುಖ್ಯ. ದಪ್ಪ ಹಚ್ಚಿದರೆ ಜಾರುತ್ತದೆ, ಧೂಳು ಅಂಟುತ್ತದೆ. ಕೊಬ್ಬರಿ ಎಣ್ಣೆ ಸವರುವ ಪದ್ಧತಿಯೂ ಇದೆ, ಹಬ್ಬದ ದಿನಕ್ಕೆ ಸರಿ, ಆದರೆ ಎಣ್ಣೆ ಒಣಗಲ್ಲ, ವಾರದೊಳಗೆ ಜಿಡ್ಡಾಗುತ್ತದೆ. ಮೇಣ ಬೇಕೋ ಬೇಡವೋ ಅಂತ ತಿಳಿಯಲು ನೆಲದ ಮೇಲೆ ಒಂದು ಹನಿ ನೀರು ಬಿಡಿ. ಗುಂಡಗೆ ನಿಂತರೆ ಮೇಣ ಇದೆ. ಹರಡಿ ಇಂಗಿದರೆ ಹೋಗಿದೆ. ಜಾಸ್ತಿ ಓಡಾಡುವ ಕಡೆ ಕೆಲವು ತಿಂಗಳಿಗೊಮ್ಮೆ ಹಚ್ಚಬೇಕಾಗುತ್ತದೆ. ಆ ಕೆಲಸ ಬೇಡ ಅನ್ನುವವರಿಗೆ ಕೆಂಪು ನೆಲ ಒಗ್ಗಲ್ಲ, ಅಷ್ಟೇ.

ಬಣ್ಣ ಪೂರ್ತಿ ಹೋಗಿ ಬೂದಿ ಸಿಮೆಂಟೇ ಕಾಣುತ್ತಿದೆ ಅಂದರೆ? ಅಲ್ಲಲ್ಲಿ ತೇಪೆ ಹಾಕಿದರೆ ಬಣ್ಣ ಸೇರಲ್ಲ, ಬೇರೆ ಬಟ್ಟೆಯ ತೇಪೆಯಂತೆಯೇ ಎದ್ದು ಕಾಣುತ್ತದೆ. ಹೊಸದಾಗಿ ಹಾಕಿಸಬೇಕು. ಅದಕ್ಕೆ ಹಳೇ ನೆಲವನ್ನು ಉಳಿಯಿಂದ ಕಚ್ಚು ಮಾಡಿಸಬೇಕು, ಇಲ್ಲದಿದ್ದರೆ ಹಿಡಿಯಲ್ಲ. ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕು, ಆಮೇಲೆ ಕನಿಷ್ಠ ಒಂದು ವಾರ ನೀರು ಕಟ್ಟಿ ಬಿಡಬೇಕು. ಬಿರುಕು ಎಲ್ಲೆಂದರಲ್ಲಿ ಹರಿಯದಿರಲಿ ಅಂತ ನಡುವೆ ಗಾಜಿನ ಪಟ್ಟಿ ಕೂರಿಸಿ ಚೌಕ ಮಾಡಿಸಿ. ಬಣ್ಣ ಗಾಢವಾಗಲಿ ಅಂತ ಪುಡಿ ಜಾಸ್ತಿ ಹಾಕಿಸಬೇಡಿ, ಸಿಮೆಂಟಿನ ತೂಕದ ಹತ್ತರಲ್ಲೊಂದು ಭಾಗ ದಾಟಿದರೆ ನೆಲಕ್ಕೆ ಬಲ ಇರಲ್ಲ. ಖರ್ಚಿಗಿಂತ ದೊಡ್ಡ ತಲೆನೋವು ಒಳ್ಳೆ ಗಾರೆಯವರು ಸಿಗೋದು. ಅವರು ಈಚೆಗೆ ಮಾಡಿದ ಒಂದು ನೆಲವನ್ನಾದರೂ ಹೋಗಿ ನೋಡದೆ ಕೆಲಸ ಕೊಡಬೇಡಿ.

ಮೇಲೆ ಹಾಕಿ ಮುಚ್ಚೋದು

ಹಳೇ ನೆಲ ಗಟ್ಟಿಯಾಗಿದೆ, ಆದರೆ ನಿಮಗೆ ಅದು ಬೇಡವೇ ಬೇಡ ಅನ್ನಿ. ಆಗ ಟೈಲ್ಸ್ ಮೇಲೆ ಟೈಲ್ಸ್. ಒಡೆಯುವ ಗಲಾಟೆ ಇಲ್ಲ, ಕಸ ಇಲ್ಲ, ಒಂದು ಹಾಲ್ ಮೂರು ನಾಲ್ಕು ದಿನದ ಕೆಲಸ. ಆದರೆ ನೆಲ ಒಂದೂಕಾಲರಿಂದ ಒಂದೂವರೆ ಸೆಂಟಿಮೀಟರ್ ಏರುತ್ತದೆ. ಪ್ರತಿ ಬಾಗಿಲನ್ನೂ ಬಡಗಿ ಕರೆಸಿ ಕೆಳಗೆ ಕೊಯ್ಯಿಸಬೇಕು. ಹೊಸ್ತಿಲು ಅಷ್ಟು ಗಿಡ್ಡ ಆಗುತ್ತದೆ. ಬಚ್ಚಲಿನಿಂದ ನೀರು ಹಾಲಿಗೆ ಬರದಂತೆ ತಡೆಯುತ್ತಿದ್ದ ಅಂಚು ಉಳಿಯುತ್ತದಾ ಅಂತ ಅಳೆದು ನೋಡಿ. ಅಂಟಿಗೆ ಮಾಮೂಲಿ ಸಿಮೆಂಟ್ ಅಲ್ಲ, ಹಳೇ ಟೈಲ್ಸ್ ಮೇಲೆ ಹಿಡಿಯುವ ಪಾಲಿಮರ್ ಅಂಟೇ ಬೇಕು. ಇದರಲ್ಲಿ ಉಳಿಸಲು ಹೋದರೆ ವರ್ಷದಲ್ಲಿ ಡಬ್ ಸದ್ದು ಶುರು.

ಯಾವ ಟೈಲ್ಸ್? ಬಾಗಿಲ ಹತ್ತಿರ, ಅಡುಗೆಮನೆಯಲ್ಲಿ ಮ್ಯಾಟ್ ಇರಲಿ. ಹೊಳಪಿನದರ ಮೇಲೆ ಗೀರು ಎದ್ದು ಕಾಣುತ್ತದೆ, ಮ್ಯಾಟ್ ಮೇಲೆ ಮುಚ್ಚಿಹೋಗುತ್ತದೆ. ಗ್ಲೇಜ್ ಟೈಲ್ಸ್ ಆದರೆ ಪಿಇಐ ನಂಬರ್ ಕೇಳಿ. ಗ್ಲೇಜ್ ಸವೆತವನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ನಂಬರ್ ಅದು, 1ರಿಂದ 5ರವರೆಗೆ ಇರುತ್ತದೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಜನ ಓಡಾಡುವ ಹಾಲಿಗೆ 4 ಇದ್ದರೆ ನೆಮ್ಮದಿ. ಒದ್ದೆಯಾಗುವ ಕಡೆಗೆ ಆರ್10 ಇರುವುದನ್ನು ಕೇಳಿ, ಜಾರುವುದು ಕಡಿಮೆ. ಅಂಗಡಿಯ ಹುಡುಗ ಈ ನಂಬರ್ ಗೊತ್ತಿಲ್ಲ ಅಂದರೆ ಡಬ್ಬದ ಮೇಲೋ ಕಂಪನಿ ಪಟ್ಟಿಯಲ್ಲೋ ಹುಡುಕಿಸಿ.

ಬಾಡಿಗೆ ಮನೆಯವರಿಗೆ ಎಸ್‌ಪಿಸಿ ಅನ್ನುವ ಕ್ಲಿಕ್ ವಿನೈಲ್ ಹಲಗೆ. ನಾಲ್ಕರಿಂದ ಆರು ಮಿಲಿಮೀಟರ್ ದಪ್ಪ, ಅಂಟಿಲ್ಲದೆ ಒಂದಕ್ಕೊಂದು ಸಿಕ್ಕಿಸಿಕೊಂಡು ಹೋಗೋದು. ಒಂದೇ ದಿನದಲ್ಲಿ ಕೋಣೆ ಮುಗಿಯುತ್ತದೆ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ನೀರಿಗೆ ಹೆದರಲ್ಲ. ಲ್ಯಾಮಿನೇಟ್ ಹೆದರುತ್ತದೆ, ಅಂಚಿನಲ್ಲಿ ಉಬ್ಬುತ್ತದೆ. ನೋಡಬೇಕಾದ್ದು ಒಟ್ಟು ದಪ್ಪವನ್ನಲ್ಲ, ಮೇಲಿನ ವೇರ್ ಲೇಯರನ್ನು. ಸವೆಯೋದು ಅದೊಂದೇ. ಮನೆಗೆ 0.3 ಮಿಲಿಮೀಟರ್ ಸಾಕು, ನಾಯಿ ಇದ್ದರೆ, ಮಕ್ಕಳು ಕುರ್ಚಿ ಎಳೆದಾಡುವ ಮನೆಯಾದರೆ 0.5 ತೊಗೊಳ್ಳಿ. ಖರ್ಚು ಟೈಲ್ಸ್‌ಗೆ ಹತ್ತಿರ ಹತ್ತಿರ ಬರುತ್ತದೆ, ಅಗ್ಗ ಅಂದುಕೊಂಡು ಹೋಗಬೇಡಿ. ಚಿಕ್ಕಮ್ಮನ ಮಗನಿಗೆ ನಾನು ಹೇಳಿದ್ದು, ಎರಡು ವರ್ಷವಾದರೂ ಇರುವ ಯೋಚನೆ ಇದ್ದರೆ ಮಾತ್ರ, ಅದೂ ಮಲಗುವ ಕೋಣೆಗೆ ಮಾತ್ರ. ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಒಂದು ದೊಡ್ಡ ಜಮಖಾನ ಸಾಕು. ಅವನಿಗೆ ಅಷ್ಟು ಇಷ್ಟವಾಗಲಿಲ್ಲ.

ಎಪಾಕ್ಸಿ, ಅಂದರೆ ನೆಲದ ಮೇಲೆ ಸುರಿದು ಹರಡಿದರೆ ಗಟ್ಟಿಯಾಗುವ ರಾಳದ ಪದರ, ನೋಡಲು ಚೆಂದ, ಕೂಡು ಗೆರೆ ಇಲ್ಲದ ನೆಲ. ಆದರೆ ಕೆಳಗಿನಿಂದ ತೇವ ಏರುವ ನೆಲಮಹಡಿಯಲ್ಲಿ ಸಿಪ್ಪೆಯಂತೆ ಎದ್ದುಬರುತ್ತದೆ, ಬಿಸಿಲು ಬೀಳುವ ಕಡೆ ಹಳದಿಯಾಗುತ್ತದೆ. ಗ್ಯಾರೇಜಿಗೆ, ಗೋಡೌನಿಗೆ ಸರಿ.

ಕೀಳೋದು ಯಾವಾಗ

ನಾಣ್ಯ ತಟ್ಟಿದ ಕಡೆಯೆಲ್ಲ ಡಬ್ ಅಂದರೆ, ನೆಲ ಕುಸಿದಿದ್ದರೆ, ತೇವ ಜೋರಾಗಿದ್ದರೆ. ಆಗ ಬೇರೆ ದಾರಿ ಇಲ್ಲ. ಕೀಳೋದೇ ಆದರೆ ಮತ್ತೆ ಐವತ್ತು ವರ್ಷ ನೋಡದ ಹಾಗೆ ಗ್ರಾನೈಟ್ ಹಾಸಿಬಿಡಿ. ಜಿಗಣಿ ಕಡೆ ಕಲ್ಲಿನ ಕಾರ್ಖಾನೆಗಳು ಸಾಲಾಗಿವೆ, ನೀವೇ ಹೋಗಿ ಚಪ್ಪಡಿ ಆರಿಸಬಹುದು. ಸವೆದರೂ ಮೈತುಂಬ ಅದೇ ಕಲ್ಲು. ಮೆಟ್ಟಿಲಿಗೆ ಹಾಕಿಸುವಾಗ ಮಾತ್ರ ಅಂಚಿನಲ್ಲಿ ಎರಡು ಮೂರು ಗೀರು ಕೊಯ್ಯಿಸಿ, ಮಳೆಗಾಲದಲ್ಲಿ ಕಾಲು ನಿಲ್ಲುತ್ತದೆ.

ಇನ್ನು ಯಲಹಂಕದ ಗೆಳತಿ. ಅವಳದು ಗ್ಲೇಜ್, ಉಜ್ಜಿಸಲು ಬರಲ್ಲ. ಮುಚ್ಚೋಣ ಅಂದರೆ ಇಡೀ ಫ್ಲ್ಯಾಟಿನ ಬಾಗಿಲು ಕೊಯ್ಯಬೇಕು. ಸವೆದಿರೋದು ಎಂಟೇ ಟೈಲ್ಸ್. ಅಟ್ಟದ ಮೇಲೆ ಬಿಲ್ಡರ್ ಬಿಟ್ಟುಹೋದ ಒಂದು ಡಬ್ಬ ಇತ್ತು, ಅದರಲ್ಲಿ ನಾಲ್ಕಿದ್ದವು. ಅಂಗಡಿಯಲ್ಲಿ ಅದೇ ಹೆಸರಿನದು ಸಿಕ್ಕರೂ ಬೇರೆ ಲಾಟ್, ಬಣ್ಣ ಒಂದು ಛಾಯೆ ಹಳದಿ. ಹೊಸದಾಗಿ ಟೈಲ್ಸ್ ಹಾಕಿಸುವವರು ಒಂದು ಡಬ್ಬ ಜಾಸ್ತಿ ತೆಗೆದಿಡಿ ಅನ್ನೋದು ಇದಕ್ಕೇ. ಕೊನೆಗೆ ಬಾಗಿಲ ಹತ್ತಿರದ ನಾಲ್ಕನ್ನು ಬದಲಾಯಿಸಿದಳು, ಮಿಕ್ಕ ನಾಲ್ಕರ ಮೇಲೆ ಉದ್ದದ ರಗ್ಗು ಬಿತ್ತು. ಹೊರಗೆ ಒಂದು ಒರಟು ಮ್ಯಾಟ್, ಒಳಗೆ ಒಂದು ಮೆತ್ತನೆ ಮ್ಯಾಟ್, ಎರಡೂ ಕಾಲು ಒಮ್ಮೊಮ್ಮೆ ಊರುವಷ್ಟು ಉದ್ದದ್ದು. ಒಟ್ಟು ಖರ್ಚು ಹೊಸ ನೆಲದ ಒಂದು ಕೋಣೆಯ ಸ್ಕರ್ಟಿಂಗ್‌ಗೂ ಸಮ ಇಲ್ಲ.

ಉಜ್ಜಿಸುವವರು ಅಡ್ವಾನ್ಸ್ ಕೊಡುವ ಮುಂಚೆ ಕೇಳಬೇಕಾದ್ದು: ಯಾವ ನಂಬರ್ ಕಲ್ಲಿನಿಂದ ಶುರು ಮಾಡುತ್ತೀರಿ, ಸ್ಕರ್ಟಿಂಗ್ ಮತ್ತು ಮೂಲೆ ಇದೇ ದರದಲ್ಲಾ, ಕೆಸರು ಯಾರು ಸಾಗಿಸುತ್ತಾರೆ. ಆಮೇಲೆ ಬಾಗಿಲ ಹಿಂದೆ ಎರಡಡಿ ಜಾಗ ತೋರಿಸಿ, ಇಲ್ಲಿ ಮಾಡಿ ತೋರಿಸಿ ಅನ್ನಿ. ಮಾಡಿದ ತಕ್ಷಣ ಒಪ್ಪಬೇಡಿ, ಒದ್ದೆ ಇದ್ದಾಗ ಯಾವ ನೆಲವಾದರೂ ಹೊಳೆಯುತ್ತದೆ. ಒಣಗಿದ ಮೇಲೆ, ಮಾರನೇ ದಿನ ಬೆಳಗಿನ ಬೆಳಕಿನಲ್ಲಿ ನೋಡಿ ದುಡ್ಡು ಕೊಡಿ.